ಇಮಾಂ ಜಾಮೀನಿನ ನೀಲಿ ನೋಟು

ತುಮಕೂರು

ಅವರೆಕಾಳು ಹಿತುಕುತ್ತಾ ಕೂತಿದ್ದೆ. ನೆನೆಹಾಕಿದ ಎರಡು ಸೇರು ಕಾಳು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಹಾರಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಅರ್ಧ ಬೇಳೆ ಪಾತ್ರೆಗೆ, ಅರ್ಧ ನನ್ನ ಸೆರಗಿಗೆ ಬೀಳುತ್ತಿದ್ದಾಗ ಪಕ್ಕದ ಮನೆಯ ಸರೋಜಮ್ಮ ಟೀಚರ್ ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಆಗ ನಮ್ಮ ಬೀದಿಗೆಲ್ಲ ಅವರ ಮನೆಯದೊಂದೇ ಫೋನು. ಮೊಬೈಲಿನ ಹೆಸರು ಕೇಳಿದ್ದೆವು, ಕಂಡಿರಲಿಲ್ಲ.

"ನಸೀಮಾ, ಕೈ ತೊಳ್ಕೊಂಡು ಬಾರೇ ಬೇಗ. ಬೆಂಗಳೂರಿಂದ ಫೋನು. ಹಜ್ ವಿಚಾರ ಅಂತೆ."

ಹಜ್ ಯಾತ್ರೆಗೆ ನಾವು ಗಂಡಹೆಂಡತಿ ಅರ್ಜಿ ಹಾಕಿದ್ದೆವು. ಚೀಟಿ ಎತ್ತಿದಾಗ ನಮ್ಮ ಹೆಸರು ಬರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಎಲ್ಲೋ ಕೆಳಗಿತ್ತು. ದೇವರು ಈ ವರ್ಷ ಕರೆದಿಲ್ಲ ಅಂದುಕೊಂಡು ನಾನು ಆಸೆಯನ್ನು ಮಡಿಸಿ ಇಟ್ಟಾಗಿತ್ತು. ಈಗ ಯಾರೋ ಇಬ್ಬರು ಬರುವುದಿಲ್ಲವೆಂದಿದ್ದಾರೆ, ಆ ಜಾಗ ನಮಗೆ ಬಂದಿದೆ. ರಿಸೀವರ್ ಇಟ್ಟವಳು ಟೀಚರ ಮನೆಯ ನೆಲದ ಮೇಲೇ ಕೂತುಬಿಟ್ಟೆ. ಕೈಯಲ್ಲಿ ಇನ್ನೂ ಅವರೆ ಸಿಪ್ಪೆ ಅಂಟಿತ್ತು.

ಮನೆಗೆ ಓಡಿಬಂದು ಅತ್ತೆಗೆ ಹೇಳಿದೆ. ಅವರನ್ನು ನಾವೆಲ್ಲ ಅಮ್ಮಿ ಅನ್ನುತ್ತೇವೆ. ತವರು ಕುಣಿಗಲ್. ಮಂಡಿನೋವಿನಿಂದ ಹಗಲೆಲ್ಲ ಪಡಸಾಲೆಯ ಮಂಚದ ಮೇಲೇ ಇರುತ್ತಿದ್ದರು, ನಮಾಜನ್ನೂ ಕೂತೇ ಮಾಡುತ್ತಿದ್ದರು. ಮನೆಯೊಳಗೆ ನಾವು ಆಡುವುದು ಉರ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮಿ ಸುದ್ದಿ ಕೇಳಿ, "ಕಾಳು ಒಣಗಿಹೋಗುತ್ತೆ, ಮೊದಲು ಹಿತುಕು" ಅಂದರು. ಅಷ್ಟೇ. ಅವರ ಸಂತೋಷ ಯಾವಾಗಲೂ ಕೆಲಸ ಹೇಳುವ ರೂಪದಲ್ಲೇ ಬರುತ್ತದೆ.

ಹೊರಡುವ ದಿನ ಅಮ್ಮಿ ನನ್ನ ಬಲತೋಳಿಗೆ ಇಮಾಂ ಜಾಮೀನು ಕಟ್ಟಿದರು. ದೂರ ಪ್ರಯಾಣ ಹೋಗುವವರಿಗೆ ನಮ್ಮಲ್ಲಿ ಕಟ್ಟುವ ರಕ್ಷೆ ಇದು. ಬಟ್ಟೆಯ ಪಟ್ಟಿಯೊಳಗೆ ಒಂದಿಷ್ಟು ದುಡ್ಡಿಟ್ಟು ಹೊಲಿದು ತೋಳಿಗೆ ಕಟ್ಟುತ್ತಾರೆ. ಕ್ಷೇಮವಾಗಿ ತಲುಪಿದ ಮೇಲೆ ಬಿಚ್ಚಿ, ಒಳಗಿನ ದುಡ್ಡನ್ನು ಬಡವರಿಗೆ ಕೊಡಬೇಕು. ಸಾಮಾನ್ಯವಾಗಿ ಒಂದು ರೂಪಾಯಿಯೋ ಐದು ರೂಪಾಯಿಯೋ ಇರುತ್ತದೆ. ಅಮ್ಮಿ ಹಸಿರು ಸ್ಯಾಟಿನ್ ಬಟ್ಟೆಯಲ್ಲಿ ತಾವೇ ಹೊಲಿದಿದ್ದರು. ಸೂಜಿಗೆ ದಾರ ಪೋಣಿಸಿಕೊಟ್ಟವಳು ನಾನು. ಒಳಗೆ ಏನಿಟ್ಟರೆಂದು ಕೇಳಲಿಲ್ಲ.

ಗಂಟು ಬಿಗಿಯುತ್ತಾ ಅಂದರು: "ಮಕ್ಕಾದಲ್ಲೇ ಬಿಚ್ಚು. ಅಲ್ಲೇ ಕೊಡು. ವಾಪಸ್ ತರಬೇಡ."

"ಯಾರಾದರೂ ವಾಪಸ್ ತರುತ್ತಾರಾ ಅಮ್ಮಿ?"

"ತರುತ್ತಾರೆ. ಅದಕ್ಕೇ ಹೇಳಿದೆ."

ಜೆಡ್ಡಾ

ವಿಮಾನದಲ್ಲಿ ನನ್ನ ಪಕ್ಕಕ್ಕೆ ಬಂದವರು ಗುಬ್ಬಿ ತಾಲೂಕು ಚೇಳೂರು ಕಡೆಯ ಪ್ಯಾರಿಮಾ. ಅರವತ್ತು ದಾಟಿದ ಹೆಂಗಸು, ಜೊತೆಗೆ ಮಾತೇ ಆಡದ ತಮ್ಮ. ಅವರ ಹಳ್ಳಿಯಲ್ಲಿ ಮುಸಲ್ಮಾನರ ಮನೆ ಅವರದೊಂದೇ. "ನಾನ್ ಉರ್ದು ಮಾತಾಡೋಕೆ ಯಾರವ್ರೆ ಅಲ್ಲಿ? ಹಸೀನೂ ಕನ್ನಡ, ಕೋಳೀನೂ ಕನ್ನಡ" ಅನ್ನುತ್ತಿದ್ದರು. ನಮಾಜು ಅರಬ್ಬಿಯಲ್ಲಿ, ಉಳಿದ ದುವಾ, ಬೇಡಿಕೊಳ್ಳುವುದೆಲ್ಲ ಕನ್ನಡದಲ್ಲಿ. ದೇವರಿಗೆ ಚೇಳೂರಿನ ಭಾಷೆ ಬರುವುದಿಲ್ಲವೇ ಎಂದು ನನ್ನನ್ನೇ ಕೇಳಿದರು.

ಜೆಡ್ಡಾದ ಹಾಜಿಗಳ ನಿಲ್ದಾಣಕ್ಕೆ ಗೋಡೆಗಳೇ ಇಲ್ಲ. ಮೇಲೆ ಬಿಳಿ ಡೇರೆಗಳ ಸಾಲು, ಕೆಳಗೆ ಲೋಕದ ಜನ. ಕಸ್ಟಮ್ಸಿನ ಹುಡುಗ ಪ್ಯಾರಿಮಾರ ಚೀಲದಲ್ಲಿ ಐದು ಕೇಜಿ ಕಂದುಬಣ್ಣದ ಪುಡಿ ಕಂಡು ಗಾಬರಿಯಾದ. ಮೂಸಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ.

"ರಾಗಿ ಕಣಪ್ಪ, ರಾಗಿ. ಮುದ್ದೆ" ಅಂತ ಪ್ಯಾರಿಮಾ ಎರಡು ಕೈಯಲ್ಲಿ ಮುದ್ದೆ ಕಟ್ಟಿ, ಮುರಿದು, ಅದ್ದಿ, ಅಗಿಯದೆ ನುಂಗಿ ತೋರಿಸಿದರು. ಇಬ್ಬರೂ ನಕ್ಕರು. ಒಬ್ಬ ಚೀಲವನ್ನು ಮತ್ತೆ ಕಟ್ಟಿ, ತಾನೇ ಹೊತ್ತು ಬಸ್ಸಿನವರೆಗೆ ತಂದಿಟ್ಟ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಮುದುಕಿಯ ರಾಗಿ ಚೀಲ ಹೊತ್ತದ್ದನ್ನು ನಾನು ನೋಡಿಲ್ಲ.

ಬಸ್ಸಿನಲ್ಲಿ ಒಬ್ಬ ಯುವಕ ನನ್ನ ತೋಳಿನ ಹಸಿರು ಪಟ್ಟಿ ನೋಡಿ, "ಇದೆಲ್ಲ ಧರ್ಮದಲ್ಲಿ ಇಲ್ಲ ಆಪಾ, ಬಿಚ್ಚಿಬಿಡಿ" ಅಂದ. ಓದಿಕೊಂಡ ಹುಡುಗ, ಅವನ ಮಾತು ಸರಿಯೇ ಇರಬಹುದು. ಕಾಪಾಡುವವನು ದೇವರು, ಬಟ್ಟೆಯಲ್ಲ ಎಂದು ನನಗೂ ಗೊತ್ತು. ಆದರೆ ಗಂಟು ಹಾಕಿದ್ದು ಅಮ್ಮಿಯ ಕೈ. ಮಕ್ಕಾದಲ್ಲೇ ಬಿಚ್ಚು ಅಂದಿದ್ದಾರೆ. ಸೆರಗು ಮುಚ್ಚಿಕೊಂಡು ಕೂತೆ.

ಮಕ್ಕಾ: ಗಂಟು ಬಿಚ್ಚಿದ್ದು

ಕಾಬಾವನ್ನು ಮೊದಲ ಸಲ ಕಂಡದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕಣ್ಣಿಗೆ ಬಿದ್ದಾಗ ಕೇಳಬೇಕೆಂದು ಮನೆಯಿಂದ ನೆನಪಿಟ್ಟುಕೊಂಡು ಹೋಗಿದ್ದ ದುವಾಗಳೆಲ್ಲ ಮರೆತುಹೋದವು. ಪಕ್ಕದಲ್ಲಿ ಪ್ಯಾರಿಮಾ ಮಾತ್ರ "ಬಂದೆ ಕಣಪ್ಪ, ಬಂದೆ" ಅನ್ನುತ್ತಲೇ ಇದ್ದರು. ಅದೇ ಸಾಕು ಅನ್ನಿಸಿತು.

ಅದಾದ ಮಾರನೆಯ ಬೆಳಿಗ್ಗೆ ರೂಮಿನಲ್ಲಿ ಗಂಟು ಬಿಚ್ಚಲು ಕೂತೆ. ಬೆವರಿಗೆ ಗಂಟು ಕಲ್ಲಾಗಿತ್ತು. ಹಲ್ಲಿನಿಂದ ಎಳೆದು, ಹೊಲಿಗೆ ಕತ್ತರಿಸಿದರೆ ಒಳಗೆ ನಾಲ್ಕು ಮಡಿಕೆಯ ಒಂದು ನೋಟು. ಹತ್ತು ರೂಪಾಯಿ. ಆದರೆ ನಾನು ಕಂಡ ಹತ್ತು ರೂಪಾಯಿ ಅಲ್ಲ. ನೀಲಿ ಬಣ್ಣ. ಅದರ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಹಜ್ ಎಂದು ಅಚ್ಚಾಗಿದೆ. ಮೂಲೆಯಲ್ಲಿ ಸ್ಯಾಟಿನ್ ಬಟ್ಟೆಯ ಹಸಿರು ಬಣ್ಣ ಬಿಟ್ಟು ಕಲೆಯಾಗಿತ್ತು.

"ಇದೇನವ್ವ, ಇಸ್ಪೀಟೆಲೆ ಇದ್ದಂಗೈತೆ" ಅಂದರು ಪ್ಯಾರಿಮಾ. ನಮ್ಮ ಯಜಮಾನರು ತಿರುಗಿಸಿ ನೋಡಿ, "ಮಕ್ಕಳ ಆಟದ ನೋಟಿರಬೇಕು. ಅಮ್ಮಿಗೆ ಕಣ್ಣು ಕಾಣದೆ ಇಟ್ಟಿದ್ದಾರೆ" ಅಂದರು.

ಆದರೂ ಕೊಡು ಅಂದಿದ್ದಾರೆ, ಕೊಡಬೇಕು. ಹರಮಿನ, ಅಂದರೆ ಕಾಬಾ ಇರುವ ದೊಡ್ಡ ಮಸೀದಿಯ, ಅಂಗಳದಲ್ಲಿ ನೆಲ ಒರೆಸುತ್ತಿದ್ದ ಬಂಗಾಳದ ಹುಡುಗನೊಬ್ಬನಿಗೆ ಕೊಟ್ಟೆ. ಅವನು ನೋಟನ್ನು ಹಿಂದೆಮುಂದೆ ನೋಡಿದ. "ಮಾ, ಇದು ಇಲ್ಲಿ ನಡೆಯಲ್ಲ" ಎಂದು ಹಿಂದಿಯಲ್ಲಿ ಹೇಳಿ, ನನ್ನ ಕೈಯಲ್ಲೇ ಮೆಲ್ಲಗೆ ಮುಚ್ಚಿಟ್ಟ. ಬೇಡ ಅನ್ನುವುದನ್ನೂ ಇಷ್ಟು ಮರ್ಯಾದೆಯಿಂದ ಹೇಳಬಹುದೇ ಅನ್ನಿಸಿತು. ಆದರೆ ಅಮ್ಮಿ ವಾಪಸ್ ತರಬೇಡ ಅಂದದ್ದು ಇಲ್ಲಿ ನಡೆಯದ ನೋಟನ್ನು.

ಸರ್ರಾಫನ ಅಂಗಡಿ

ದುಡ್ಡು ಬದಲಾಯಿಸುವವರಿಗೆ ಅಲ್ಲಿ ಸರ್ರಾಫ್ ಅನ್ನುತ್ತಾರೆ. ನಮ್ಮ ಬಿಡಾರದಿಂದ ಹರಮಿಗೆ ಹೋಗುವ ಓಣಿ ಒಂದು ಕೊನೆಯಲ್ಲಿ ಮುಚ್ಚಿಹೋಗಿತ್ತು. ಆ ಮುಚ್ಚಿದ ತುದಿಯಲ್ಲೇ ಒಬ್ಬ ಮುದುಕರ ಸಣ್ಣ ಅಂಗಡಿ. ಅಂಗಡಿಯಲ್ಲಿ ನಿಂತರೆ ಓಣಿಯುದ್ದಕ್ಕೂ ನೋಟ ಹೋಗಿ ನೇರ ಮಸೀದಿಯ ಮಿನಾರಿಗೆ ತಾಗುತ್ತಿತ್ತು. ಐವತ್ತು ವರ್ಷ ಹಾಜಿಗಳ ಜೊತೆ ಮಾತಾಡಿ ಕಲಿತ ಉರ್ದು ಅವರದು. ಎಲ್ಲರೂ ಚಾಚಾ ಅನ್ನುತ್ತಿದ್ದರು.

ನಾವು ಹೋದಾಗಲೇ ಆಜಾನ್ ಆಯಿತು. ಚಾಚಾ ಎದ್ದರು. ಮುಂದೆ ಲೋಕದ ನೋಟೆಲ್ಲ ಕಟ್ಟುಕಟ್ಟಾಗಿ ಬಿದ್ದಿದೆ. ಅದರ ಮೇಲೆ ಒಂದು ಚೌಕದ ಬಟ್ಟೆ ಹೊದಿಸಿ, ಚಪ್ಪಲಿ ಮೆಟ್ಟಿ, ನಮಾಜಿಗೆ ಹೊರಟುಬಿಟ್ಟರು. ಬೀಗವಿಲ್ಲ, ಕಾವಲಿಲ್ಲ. ನಮ್ಮ ಮಂಡಿಪೇಟೆಯಲ್ಲಿ ಟೀ ಕುಡಿಯಲು ಹೋಗುವವನೂ ಶಟರ್ ಎಳೆದು, ಎರಡು ಬೀಗ ಹಾಕಿ, ಎರಡನ್ನೂ ಜಗ್ಗಿ ನೋಡಿ ಹೋಗುತ್ತಾನೆ. ನಾವೂ ನಮಾಜಿಗೆ ಹೋಗಿ ಬಂದೆವು. ಬಟ್ಟೆ ಹಾಗೇ ಇತ್ತು. ಅದರ ಮೇಲೊಂದು ಬೆಕ್ಕು ಮಲಗಿತ್ತು.

ಯಜಮಾನರು ಖರ್ಚಿನ ದುಡ್ಡು ಬದಲಾಯಿಸಿಕೊಂಡ ಮೇಲೆ, ಕೇಳುವುದರಲ್ಲಿ ತಪ್ಪೇನಿದೆ ಎಂದು ನಾನು ನೀಲಿ ನೋಟನ್ನು ಮುಂದಿಟ್ಟೆ. ಚಾಚಾ ಮುಟ್ಟಲಿಲ್ಲ. ಎದ್ದು ಹೋಗಿ ಕೈ ತೊಳೆದು, ಒಂದೊಂದೇ ಬೆರಳನ್ನು ಒರೆಸಿ ಒಣಗಿಸಿಕೊಂಡು ಬಂದರು. ಎರಡು ಅಂಚು ಮಾತ್ರ ಹಿಡಿದು ಎತ್ತಿದರು, ಹಾಲುಗೂಸನ್ನು ಎತ್ತುವ ಹಾಗೆ. ಬಾಗಿಲ ಬೆಳಕಿಗೆ ಹಿಡಿದರು. ಒಳಗಿನಿಂದ ಅಶೋಕ ಸ್ತಂಭದ ಸಿಂಹದ ನೆರಳು ಮೂಡಿತು.

"ಎಲ್ಲಿ ಸಿಕ್ಕಿತು ಬೇಟಿ?"

"ನಮ್ಮತ್ತೆ ಕೊಟ್ಟದ್ದು. ನಕಲಿಯಾ ಚಾಚಾ?"

"ನಕಲಿ ಮಾಡುವವರು ಮಾಮೂಲಿ ನೋಟಿನ ಮೇಲೆ ಹಜ್ ಅಂತ ಅಚ್ಚೊತ್ತುತ್ತಾರೆ. ಅದಕ್ಕೇ ಆ ಅಕ್ಷರವನ್ನು ಕೊನೆಗೆ ನೋಡಬೇಕು. ಮೊದಲು ಬಣ್ಣ. ಆ ಕಾಲದ ನಿಮ್ಮ ಮಾಮೂಲಿ ಹತ್ತು ರೂಪಾಯಿ ನೇರಳೆ, ಇದು ನೀಲಿ. ಆಮೇಲೆ ನಂಬರು. ಮುಂದೆ ಎಚ್, ಎ ಎರಡು ಅಕ್ಷರ ಇರಬೇಕು. ಇದೆ."

ನಮ್ಮ ಯಜಮಾನರದು ಗಡಿಯಾರ ರಿಪೇರಿ ಅಂಗಡಿ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಸದಾ ಜೇಬಿನಲ್ಲಿರುತ್ತದೆ. ಅದನ್ನು ತೆಗೆದುಕೊಟ್ಟರು. ಚಾಚಾರ ಮುಖ ಅರಳಿತು. ಆಮೇಲೆ ಇಬ್ಬರೂ ಸರದಿಯಲ್ಲಿ ನೋಡಿದ್ದೇ ನೋಡಿದ್ದು. ನನಗೆ ಕೂರಲು ಸ್ಟೂಲು ಕೊಡುವುದನ್ನೂ ಮರೆತರು.

ಹಿಂದೆ ನಮ್ಮ ದೇಶದ ಮಾಮೂಲಿ ನೋಟು ಹೊರಗೆ ಹೋಗಬಾರದೆಂದು ಹಾಜಿಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿದ್ದರಂತೆ. ಹಡಗು ಹತ್ತುವ ಮುಂಚೆ ಕೊಡುತ್ತಿದ್ದರು. ಈ ನೋಟಿಗೆ ತುಮಕೂರಿನಲ್ಲಿ ಒಂದು ಬೀಡಿಯೂ ಸಿಗುತ್ತಿರಲಿಲ್ಲ. ನಡೆಯುತ್ತಿದ್ದದ್ದು ಇಲ್ಲಿ ಮಾತ್ರ. "ನಮ್ಮಪ್ಪ ಇದೇ ಜಾಗದಲ್ಲಿ ಚಾಪೆ ಹಾಕಿಕೊಂಡು ಕೂತು ಇವನ್ನೇ ಬದಲಾಯಿಸುತ್ತಿದ್ದರು. ಇಲ್ಲಿಗೆ ಬಂದದ್ದೆಲ್ಲ ಬ್ಯಾಂಕಿನವರ ಮೂಲಕ ಬೊಂಬಾಯಿಗೆ ಹೋಗಿ ಸುಟ್ಟುಹೋಯಿತು. ಅದಕ್ಕೇ ಈಗ ಎಲ್ಲೂ ಇಲ್ಲ."

ಆಮೇಲೆ ಆ ಮುದುಕರು ಕಾಗದ ನೋಡಿ ನಮ್ಮ ಮನೆಯ ಕಥೆ ಹೇಳಲು ಶುರುಮಾಡಿದರು. "ಇದು ಬಹಳ ವರ್ಷ ದಪ್ಪ ಪುಸ್ತಕವೊಂದರೊಳಗೆ ಚಪ್ಪಟೆ ಮಲಗಿತ್ತು. ಈ ಒಂದು ಅಂಚು ಮಾತ್ರ ಹಳದಿ, ಅಷ್ಟು ಹೊರಗೆ ಚಾಚಿಕೊಂಡಿತ್ತು. ಮಡಿಕೆ ಹೊಸದು. ಹಳೇ ಮಡಿಕೆಯಾದರೆ ಕೊಳೆ ಕೂತಿರುತ್ತೆ. ಒಂದು ವಾರ ಆಗಿರಬೇಕು."

"ಐದು ದಿನ" ಅಂದೆ.

"ಇಂಡಿಯಾದ ನೋಟು ಗುರುತಿಸಲು ನನಗೆ ಕಣ್ಣು ಬೇಡ. ನಿಮ್ಮ ಬ್ಯಾಂಕಿನವರು ಕಟ್ಟಿಗೆ ಪಿನ್ನು ಹೊಡೆದು ಎಲ್ಲ ನೋಟಿಗೂ ಮೂಗು ಚುಚ್ಚಿರುತ್ತಾರೆ. ಇಲ್ಲಿ ನೋಡು, ಎರಡು ತೂತು. ಆದರೆ ಈ ಕಡೆಯ ತೂತು ಬ್ಯಾಂಕಿನದಲ್ಲ. ಸೂಜಿಯದು."

ತಪ್ಪು ನಮ್ಮದೇ, ಸರಿಮಾಡಿಕೊಡೋಣ ಎಂಬ ಉತ್ಸಾಹದಲ್ಲಿ ನಾನು, "ಆ ಹಸಿರು ಕಲೆ ಬಿಡಿ ಚಾಚಾ, ಸೋಪಿನ ನೀರಲ್ಲಿ ಅದ್ದಿ ತೆಗೆದು ಇಸ್ತ್ರಿ ಹಾಕಿದರೆ ಕಲೆ, ಮಡಿಕೆ ಎರಡೂ ಹೋಗುತ್ತೆ" ಅಂದೆ. ಚಾಚಾ ಎರಡೂ ಕೈಯನ್ನು ನೋಟಿನ ಮೇಲೆ ಗುಡಾರದಂತೆ ಹಿಡಿದು ನನ್ನಿಂದ ಅದನ್ನು ಮರೆಮಾಡಿದರು. ಯಜಮಾನರು ಕೆಮ್ಮಿದರು.

ಕಾಗದಕ್ಕೂ ಚರ್ಮ ಇದೆ ಅಂದರು ಚಾಚಾ. ತೊಳೆದರೆ ಅದರ ಗಂಜಿ ಹೋಗುತ್ತದೆ, ಇಸ್ತ್ರಿ ಹಾಕಿದರೆ ಅಚ್ಚಿನ ಉಬ್ಬು ಸಾಯುತ್ತದೆ. ಅಂಟು ಟೇಪು ಹಾಕಿದರೆ ಹತ್ತು ವರ್ಷಕ್ಕೆ ಅದೇ ಕಲೆ. ರಬ್ಬರ್ ಬ್ಯಾಂಡು ಕರಗಿ ಕಚ್ಚಿಕೊಳ್ಳುತ್ತದೆ. ಹಳೇ ಪೇಪರಿನ ನಡುವೆ ಇಟ್ಟರೆ ಅದರ ಹಳದಿ ಇದಕ್ಕೆ ಹತ್ತುತ್ತದೆ. ನಾನು ನಮ್ಮ ಟ್ರಂಕನ್ನು ನೆನೆಸಿಕೊಂಡೆ. ಅಡಿಗೆ ಹಾಸಿದ ಪೇಪರು, ರಬ್ಬರ್ ಬ್ಯಾಂಡು ಹಾಕಿದ ಮನೆ ಪತ್ರ, ನುಸಿಗುಳಿಗೆ. ಒಂದನ್ನೂ ಬಿಟ್ಟಿರಲಿಲ್ಲ.

"ಹಾಗಾದರೆ ಲ್ಯಾಮಿನೇಷನ್?" ಯಜಮಾನರು ಕೇಳಿದರು.

"ಅದು ಗೋರಿ" ಅಂದರು ಚಾಚಾ.

ನಾನು ಮನಸ್ಸಿನಲ್ಲೇ ದೇವರಿಗೆ ಶುಕ್ರಿಯಾ ಹೇಳಿದೆ. ಕುಣಿಗಲ್ಲಿನಲ್ಲಿರುವ ನಾದಿನಿಯ ಗಂಡನದು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ. ಕೈಗೆ ಸಿಕ್ಕ ಕಾಗದವನ್ನು ಅವರು ಬಿಟ್ಟವರಲ್ಲ. ರೇಷನ್ ಕಾರ್ಡು, ಮದುವೆ ಕಾಗದ, ನಮ್ಮ ಮಾವನವರ ಒಂದೇ ಒಂದು ಫೋಟೋ, ಎಲ್ಲಕ್ಕೂ ಗೋರಿ ಕಟ್ಟಿದ್ದಾರೆ. ಅಮ್ಮಿ ಈ ನೋಟನ್ನು ಅವರ ಕಣ್ಣಿಗೆ ಬೀಳಿಸದೆ ಇದ್ದದ್ದು ಆ ದಿನದ ಮೊದಲ ರಹಮತ್ತು, ದೇವರ ಕರುಣೆ.

ಚಾಚಾ ಎಡಗಡೆ ಗೋಡೆಯ ಕಪಾಟಿನಿಂದ ಒಂದು ಆಲ್ಬಮ್ ಇಳಿಸಿದರು. ಅರಬ್ಬಿ ಪುಸ್ತಕದಂತೆ ಅದೂ ಬಲದಿಂದ ತೆರೆಯುವುದು. ಹಾಜಿಗಳು ತಂದ ಒಂದೊಂದು ದೇಶದ ನೋಟು, ವಾಸನೆಯಿಲ್ಲದ ಗಟ್ಟಿ ಪಾರದರ್ಶಕ ಹಾಳೆಯ ಜೇಬಿನಲ್ಲಿ ಒಂದೊಂದಾಗಿ. ಆಲ್ಬಮ್‌ಗಳನ್ನು ಯಾವಾಗಲೂ ನಿಲ್ಲಿಸಿಯೇ ಇಡುತ್ತಾರಂತೆ. ಒಂದರ ಮೇಲೊಂದು ಮಲಗಿಸಿದರೆ ಅಡಿಯದರ ಮೇಲೆ ಭಾರ. ಮೊದಲ ಪುಟದಲ್ಲೇ ಇಂಡಿಯಾ. ಅದರಲ್ಲಿ ಕೆಂಪು ಬಣ್ಣದ ನೂರು ರೂಪಾಯಿ ಹಜ್ ನೋಟಿತ್ತು. ಪಕ್ಕದ ಜೇಬು ಖಾಲಿ. ಅಡಿಯಲ್ಲಿ ಮಾತ್ರ ಮುದ್ದಾದ ಅಕ್ಷರದಲ್ಲಿ ಏನೋ ಬರೆದಿತ್ತು.

"ಏನಂತ ಬರೆದಿದೀರಿ?"

"ಹತ್ತು ರೂಪಾಯಿ, ನೀಲಿ. ಬರೆದು ಇಪ್ಪತ್ತೆರಡು ವರ್ಷ ಆಯಿತು."

ನನಗೆ ಅರ್ಥವಾಯಿತು. ಈಗ ಬೆಲೆ ಹೇಳುತ್ತಾರೆ ಅಂದುಕೊಂಡೆ. ಚಾಚಾ ಹೇಳಿದ್ದು ಬೇರೆ. "ನನಗೆ ಇದು ಬೇಕು ಬೇಟಿ. ಆದರೆ ಬೊಂಬಾಯಿಯಲ್ಲಿ ಇದಕ್ಕೆ ನನಗಿಂತ ಮೂರು ಪಾಲು ಕೊಡುವವರಿದ್ದಾರೆ. ಮಡಿಕೆ, ಕಲೆ, ತೂತು ಎಲ್ಲ ಕಳೆದೂ ಮೂರು ಪಾಲು. ಗೊತ್ತಿದ್ದೂ ಹೇಳದೆ ಕೊಂಡರೆ ಆ ಜೇಬು ತುಂಬಿದರೂ ಖಾಲಿ. ಯೋಚನೆ ಮಾಡಿ ಬಾ."

ಅಂಥ ಮನುಷ್ಯರನ್ನು ನಾನು ಹಜ್ಜಿನ ಪುಣ್ಯದಲ್ಲೇ ಸೇರಿಸಿಕೊಳ್ಳುತ್ತೇನೆ.

ಫೋನ್ ಗೂಡು

ರೂಮಿಗೆ ಬಂದ ಮೇಲೆ ಯಜಮಾನರು, "ಸದಕಾ ಅಂತ ದಾನಕ್ಕೆ ಬೇರೆ ರಿಯಾಲು ಕೊಟ್ಟುಬಿಡೋಣ. ಬಡವರಿಗೆ ಅದೇ ಒಳ್ಳೆಯದು. ನೋಟು ಊರಿಗೆ ತಗೊಂಡು ಹೋದರೆ ಅಡುಗೆಮನೆ ಸೂರು ಹಾಕಿಸಬಹುದು ನಸೀಮಾ" ಅಂದರು.

ನಮ್ಮ ಅಡುಗೆಮನೆ ಮಳೆಗಾಲದಲ್ಲಿ ಐದು ಕಡೆ ಸೋರುತ್ತದೆ. ಐದು ಪಾತ್ರೆ ಇಟ್ಟು ಆರನೆಯದರಲ್ಲಿ ಅಡುಗೆ ಮಾಡುವವಳು ನಾನು. ಅವರು ತಮಗಾಗಿ ಕೇಳಲಿಲ್ಲ. ನನಗೂ ಆಸೆಯಾಗಲಿಲ್ಲ ಅಂದರೆ ಹರಮಿನ ನೆರಳಲ್ಲಿ ಕೂತು ಸುಳ್ಳು ಹೇಳಿದಂತೆ.

ಮೂಲೆಯಲ್ಲಿ ಮುದ್ದೆ ತೊಳಸುತ್ತಿದ್ದ ಪ್ಯಾರಿಮಾ ತಿರುಗದೆಯೇ ಅಂದರು: "ನಿಮ್ಮವ್ವ ಸೊಸೆ ತೋಳಿಗೆ ಕಟ್ಟಿದ್ದು ನೋಟಾ, ಸೂರಾ?"

"ಹಂಗಲ್ಲ ಪ್ಯಾರಿಮಾ..."

"ಹೆಂಗೂ ಅಲ್ಲ ಬುಡಪ್ಪ. ಮಡಗಿದ್ದೋರು ಜೀವಂತವಾಗವ್ರೆ. ಕೇಳ್ದೆ ನೀವ್ಯಾಕೆ ಪಂಚಾಯ್ತಿ ಮಾಡ್ತೀರಿ? ಫೋನ್ ಮಾಡ್ರವ್ವ. ನನ್ ತಮ್ಮನ ಹತ್ರ ಕಾರ್ಡೈತೆ, ಅವ್ನು ಹೆಂಗೂ ಮಾತಾಡೋನಲ್ಲ."

ಫೋನ್ ಗೂಡಿನ ಮುಂದೆ ಹತ್ತು ದೇಶದವರ ಸಾಲು. ಒಬ್ಬಳು ಆಫ್ರಿಕಾದ ಹೆಂಗಸು ನನ್ನ ಮುಖ ನೋಡಿ, ಮನೆಯಲ್ಲಿ ಏನೋ ಆಗಿದೆ ಅಂದುಕೊಂಡಳೋ ಏನೋ, ತನ್ನ ಸರದಿ ನನಗೆ ಬಿಟ್ಟುಕೊಟ್ಟಳು. ಆ ಕಡೆ ಸರೋಜಮ್ಮ ಟೀಚರ್ ಎತ್ತಿದರು.

"ಅಯ್ಯೋ ನಸೀಮಾ, ಹೆಂಗಿದೀಯೇ? ಊಟ ಸರಿ ಹೋಯ್ತಾ? ಇರು, ಅಮ್ಮೀನ ಕರ್ಕೊಂಡ್ ಬರ್ತೀನಿ, ಇಡ್ಬೇಡ ಕಣೇ."

ಮಂಡಿನೋವಿನ ಮುದುಕಿ ಕಾಂಪೌಂಡು ಸುತ್ತಿ ಬರುವಷ್ಟರಲ್ಲಿ ಕಾರ್ಡು ಅರ್ಧ ಕರಗಿತ್ತು. ನಾನು ಅವಸರ ಅವಸರವಾಗಿ ಹೇಳಿದೆ. ನೋಟು ನಡೆಯುವುದಿಲ್ಲ. ಆದರೆ ಅಪರೂಪದ್ದು. ಇಲ್ಲಿ ಒಬ್ಬರು ಕೊಳ್ಳುತ್ತಾರೆ, ಊರಿಗೆ ತಂದರೆ ಮೂರು ಪಾಲು. ಏನು ಮಾಡಲಿ?

ಅಮ್ಮಿ ನಲವತ್ತು ವರ್ಷ ಯಾರಿಗೂ ಹೇಳದ ಮಾತು, ಟೀಚರ ಮನೆಯ ಫೋನಿನಲ್ಲಿ, ಲೆಕ್ಕಕ್ಕೆ ನಾಲ್ಕೇ ಮಾತಿನಲ್ಲಿ ಬಂತು. ಮದುವೆಯಾದ ಹೊಸದರಲ್ಲಿ ಅವರೂ ಮಾವನವರೂ ಹಜ್ಜಿಗೆ ಹೊರಟಿದ್ದರು. ಬೊಂಬಾಯಿಯವರೆಗೂ ಹೋಗಿದ್ದರು. ನೋಟು ಕೈಗೆ ಬಂದಿತ್ತು, ಹಡಗು ಕಣ್ಣಿಗೆ ಕಾಣುತ್ತಿತ್ತು. ಹತ್ತುವ ಮುಂಚೆ ನೋಡಿದ ಡಾಕ್ಟರು, ಹೆಂಗಸು ತುಂಬಿದ ಬಸುರಿ, ಕಳಿಸಲು ಆಗುವುದಿಲ್ಲ ಅಂದರು. ಮಾವನವರು ಒಬ್ಬರೇ ಹೋಗಲಿಲ್ಲ. ನೋಟೆಲ್ಲ ಹಿಂದಿರುಗಿಸಿದರು. ಹತ್ತು ರೂಪಾಯಿಯದೊಂದನ್ನು ಅಮ್ಮಿ ಕುಪ್ಪಸದಲ್ಲಿ ಬಚ್ಚಿಟ್ಟುಕೊಂಡು, ಎಲ್ಲೋ ಬಿದ್ದುಹೋಯಿತು ಅಂದರು. ಕುರಾನಿನ ಹಾಳೆಗಳ ನಡುವೆ ಇಟ್ಟರು, ಇನ್ನೊಂದು ವರ್ಷ ಹೋಗುತ್ತೇವೆಂದು. ಆ ಇನ್ನೊಂದು ವರ್ಷ ಬರಲಿಲ್ಲ.

"ಹೊಟ್ಟೆಯಲ್ಲಿದ್ದವನು ನಿನ್ನ ಗಂಡ" ಅಂದರು ಅಮ್ಮಿ. "ನಾನಂತೂ ಇನ್ನು ಹೋಗಲಾರೆ. ನಲವತ್ತು ವರ್ಷ ಮಡಿಸದೆ ಇಟ್ಟಿದ್ದನ್ನು ಅದಕ್ಕೇ ಮಡಿಸಿದೆ. ಒಂದು ಸಲ ಬೊಂಬಾಯಿಯಿಂದ ವಾಪಸ್ ಬಂದಿದೆ ನಸೀಮಾ. ಇನ್ನೊಂದು ಸಲ ವಾಪಸ್ ತರಬೇಡ."

ಲೈನು ಕಡಿಯಿತು. ಗಾಜಿನ ಆಚೆ ಯಜಮಾನರು ನಿಂತಿದ್ದರು. ಅವರಿಗೆ ಹೇಳಿದೆ. ನಲವತ್ತು ವರ್ಷದ ಗಂಡಸು, ಸಾಲಿನಲ್ಲಿ ಅಷ್ಟು ಜನ ನೋಡುತ್ತಿದ್ದರೂ, ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡರು. "ನಡಿ. ಚಾಚಾ ಅಂಗಡಿ ತೆರೆದಿರಬೇಕು" ಅಂದರು.

ಮತ್ತೆ ಓಣಿಯ ತುದಿ

ಚಾಚಾ ಎಲ್ಲ ಕೇಳಿಸಿಕೊಂಡರು. "ಹಾಗಾದರೆ ಇದು ವ್ಯಾಪಾರವಲ್ಲ. ಹಾಜಿಯ ನೋಟು, ಸರ್ರಾಫನ ಅಂಗಡಿ. ಬದಲಾಯಿಸಿ ಕೊಡುವುದು ನನ್ನ ಕೆಲಸ" ಎಂದು ಮತ್ತೆ ಕೈ ತೊಳೆಯಲು ಎದ್ದರು. ಎಷ್ಟು ಕೊಟ್ಟರೆಂದು ಬರೆಯುವುದಿಲ್ಲ, ದಾನಕ್ಕೆ ಹೋದದ್ದನ್ನು ಬರೆಯಬಾರದು. ಮೊದಲು ಹೇಳಿದ್ದಕ್ಕಿಂತ ಹೆಚ್ಚಿತ್ತು ಎಂದಷ್ಟೇ ಹೇಳುತ್ತೇನೆ.

ಮಡಿಕೆಯನ್ನು ಅವರು ಬಲವಂತವಾಗಿ ಬಿಡಿಸಲಿಲ್ಲ. ಎರಡು ಬಿಳಿ ಹಾಳೆಗಳ ನಡುವೆ ಮಲಗಿಸಿ, ಮೇಲೊಂದು ಗಾಜಿನ ತುಂಡು ಇಟ್ಟರು. ತಾನಾಗಿ ಸಮವಾಗಲಿ, ಆತುರವಿಲ್ಲ, ಹಜ್ಜಿನ ದಿನಗಳು ಮುಗಿಸಿ ಬನ್ನಿ ಅಂದರು. ಹಸಿರು ಕಲೆಯನ್ನು ಮುಟ್ಟಲೇ ಇಲ್ಲ. ಅದೂ ಈ ನೋಟಿನ ಗುರುತೇ ಅಂದರು. ಸ್ಯಾಟಿನ್ ಪಟ್ಟಿಯನ್ನು ಮಾತ್ರ ನನಗೆ ಹಿಂದಿರುಗಿಸಿದರು.

ರಿಯಾಲುಗಳನ್ನು ಹತ್ತು ಜನಕ್ಕೆ ಹಂಚಿದೆ, ಹತ್ತು ರೂಪಾಯಿಯ ನೆನಪಿಗೆ. ಮೊದಲನೆಯದು ಆ ನೆಲ ಒರೆಸುವ ಹುಡುಗನಿಗೆ. "ಇವತ್ತು ನಡೆಯುತ್ತೆ ಮಾ" ಎಂದು ಅವನು ನಕ್ಕ.

ಹಜ್ ವಿಧಿಗಳು ನಡೆಯುವ ಮಿನಾ, ಅರಫಾತಿನ ದಿನಗಳು ಮುಗಿದು, ಕಾಲು ಬೊಬ್ಬೆಯೆದ್ದು, ಕೊನೆಗೊಮ್ಮೆ ಚಾಚಾಗೆ ಸಲಾಂ ಹೇಳಲು ಹೋದೆವು. ಪ್ಯಾರಿಮಾ ಉಳಿದ ರಾಗಿ ಹಿಟ್ಟನ್ನೆಲ್ಲ ಅವರಿಗೆ ಕೊಟ್ಟರು. ಚಾಚಾರೂ ಅದನ್ನು ಮೂಸಿದರು. ಆಮೇಲೆ ಆಲ್ಬಮ್ ತೆರೆದು ತೋರಿಸಿದರು. ನೀಲಿ ನೋಟು ತನ್ನ ಜೇಬಿನಲ್ಲಿ, ಸಿಂಹದ ಮುಖ ಮುಂದಕ್ಕೆ, ಕೆಂಪು ನೂರರ ಪಕ್ಕ ಇತ್ತು. ನೋಡಿಯಾದ ಮೇಲೆ ಎಡಗೋಡೆಯ ಕಪಾಟಿನಲ್ಲಿ ನಿಲ್ಲಿಸಿಟ್ಟರು.

ತುಮಕೂರು

ನಾವು ಬರುವಷ್ಟರಲ್ಲಿ ಹುಣಸೆಹಣ್ಣಿನ ಕಾಲ. ನೋಡಲು ಬಂದವರ ಸಂದಣಿ ಮುಗಿದು, ಮಕ್ಕಾದಿಂದ ತಂದ ಜಮ್‌ಜಮ್ ನೀರು ಹಂಚಿ ಮುಗಿದು, ಕುಣಿಗಲ್ಲಿನ ನಾದಿನಿಯ ಗಂಡ "ನನಗೊಂದು ಮಾತು ಹೇಳಿದ್ರೆ ಲ್ಯಾಮಿನೇಷನ್ ಮಾಡಿ ಕೊಡ್ತಿದ್ನಲ್ಲ" ಎಂದು ನೊಂದುಕೊಂಡು ಹೋದ ಮೇಲೆ, ವರ್ಷದ ಹುಣಸೆಹಣ್ಣು ಗೋಣಿಯಿಂದ ಸುರಿದುಕೊಂಡು ಕೂತೆ. ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಕುಟ್ಟಿ, ಬೀಜ ಬಿಡಿಸಿ ಪಕ್ಕಕ್ಕೆ ಹಾಕುವುದು. ಅಮ್ಮಿ ಮಂಚದ ಮೇಲಿದ್ದರು. ಚಾಚಾ ಕೈ ತೊಳೆದದ್ದು, ಗಾಜಿನ ತುಂಡು, ಪಾರದರ್ಶಕ ಹಾಳೆ, ಎಲ್ಲ ಮೂರು ಸಲ ಹೇಳಿಸಿಕೊಂಡಿದ್ದರು. ಹಸಿರು ಪಟ್ಟಿಯನ್ನು ನೋಟಿದ್ದ ಜಾಗಕ್ಕೇ, ಕುರಾನಿನ ನಡುವೆ, ಮಡಿಸದೆ ಇಟ್ಟಿದ್ದರು.

"ಮಲಗಿಸಿದ್ದಾರಾ, ನಿಲ್ಲಿಸಿದ್ದಾರಾ?" ಅಂದರು.

"ನಿಲ್ಲಿಸಿದ್ದಾರೆ ಅಮ್ಮಿ. ಯಾವಾಗಲೂ ನಿಲ್ಲಿಸಿಯೇ ಇಡುತ್ತಾರಂತೆ."

ಮತ್ತೆ ಅಮ್ಮಿ, "ಯಾವ ಕಡೆಗೆ ಮುಖ ಮಾಡಿ ನಿಂತಿದೆ?"

ನನಗೆ ಗೊತ್ತಿರಲಿಲ್ಲ. ಅದನ್ನು ನಾನು ನೋಡಿಯೇ ಇರಲಿಲ್ಲ. ಯಜಮಾನರನ್ನು ಕರೆದೆ. ಹುಣಸೆಬೀಜಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಓಣಿ ಮಾಡಿದೆವು. ಓಣಿಯ ಈ ಮುಚ್ಚಿದ ತುದಿಗೆ ಅಂಗಡಿ, ಆ ತುದಿಗೆ ಒಂದು ಹಿಡಿ ಬೀಜ ಗುಡ್ಡೆ ಹಾಕಿ ಹರಮ್. ಅಂಗಡಿಯೊಳಗೆ ಹೋದರೆ ಎಡಗಡೆಗೆ ಕಪಾಟು. ಶಾಲೆಗೆ ಹೋಗುವ ನಮ್ಮ ಮಗಳ ಉರ್ದು ಪುಸ್ತಕವನ್ನು ಯಜಮಾನರು ಆ ಜಾಗದಲ್ಲಿ ನಿಲ್ಲಿಸಿದರು, ಬೆನ್ನು ನಮ್ಮ ಕಡೆಗೆ. ಬಲದಿಂದ ತೆರೆಯುವ ಪುಸ್ತಕ, ಅದರ ಮುಂದಿನ ರಟ್ಟು ಬಾಗಿಲಿನ ಕಡೆಗೆ ಬಂತು. ಮೊದಲ ಪುಟ. ಸಿಂಹದ ಮುಖ ಮುಂದಕ್ಕೆ. ಬಾಗಿಲಾಚೆ ಓಣಿ, ಓಣಿಯ ಕೊನೆಗೆ ಹರಮ್ ಆದ ಆ ಬೀಜದ ಗುಡ್ಡೆ.

ಮೂವರೂ ಆ ಪುಸ್ತಕದ ಮುಂದೆ ಬಗ್ಗಿ ಕೂತಿದ್ದೆವು. ಅಮ್ಮಿ ಮಂಚದಿಂದ ಕೈ ಚಾಚಿ, ಗುಡ್ಡೆಯಿಂದ ಉರುಳಿದ್ದ ಒಂದು ಬೀಜವನ್ನು ಮತ್ತೆ ಅದರ ಮೇಲಿಟ್ಟರು.

"ಸರಿಯಾಗೇ ನಿಂತಿದೆ" ಅಂದರು. ಆಮೇಲೆ, "ಬೀಜ ಎತ್ತು. ಬಿಸಿಲು ಹೋದರೆ ಹಣ್ಣು ಒಣಗಲ್ಲ."

ನಾನು ಸುತ್ತಿಗೆ ಎತ್ತಿಕೊಂಡೆ. ಇನ್ನೂ ಅರ್ಧ ಗೋಣಿ ಉಳಿದಿತ್ತು.